ಹಾಕೇನಿ, ಹಾಕೇನು

ಚನ್ನೇಶನಿಗೆ ಒಂದು ಅಕ್ಷರದ ನೆನಪು ಇರಲಿಲ್ಲ. ಉಳಿದದ್ದೆಲ್ಲ ನೆನಪಿತ್ತು. ಆ ಶುಕ್ರವಾರ ಮಧ್ಯಾಹ್ನ ತಾನು ಗಿರಾಕಿಯೊಬ್ಬನ ಕಾರಿನ ಕೆಳಗೆ ಅಂಗಾತ ಮಲಗಿದ್ದು, ಬೆನ್ನಡಿಯ ರಟ್ಟು ಬೆವರಿಗೆ ನೆನೆದು ಅಂಗಿಗೆ ಅಂಟಿದ್ದು, ಗೇಟಿನ ಹತ್ತಿರ ರಜಾಕನ ಬಿಳಿ ಪಾಯಜಾಮದ ಅಂಚು, ತೊಳೆದ ಪಾದ, ಚಪ್ಪಲಿ ಕಂಡದ್ದು, ಅವನು ಅಲ್ಲಿಂದಲೇ ಎಣ್ಣಿ ಹಾಕೀಯೇನು ಎಂದು ಕೂಗಿ ಕೇಳಿದ್ದು. ತಾನು ಕೊಟ್ಟ ಉತ್ತರವೂ ನೆನಪಿತ್ತು, ಅದರ ಕೊನೆಯ ಅಕ್ಷರವೊಂದನ್ನು ಬಿಟ್ಟು. ಹಾಕೇನಿ ಅಂದಿದ್ದರೆ ಹಾಕಿ ಆಗಿದೆ, ಗಾಡಿ ಒಯ್ಯಿ ಎಂದರ್ಥ. ಹಾಕೇನು ಅಂದಿದ್ದರೆ ಇನ್ನೂ ಹಾಕಿಲ್ಲ, ಹಾಕುತ್ತೇನೆ, ತಡಿ ಎಂದರ್ಥ. ಹಾವೇರಿ ಸೀಮೆಯ ಜನ ಈ ಎರಡು ಮಾತನ್ನು ದಿನವೆಲ್ಲ ಆಡುತ್ತಾರೆ, ಒಬ್ಬರದನ್ನೊಬ್ಬರು ಸರಿಯಾಗಿಯೇ ತಿಳಿಯುತ್ತಾರೆ. ಎರಡರ ನಡುವೆ ಇರುವುದು ಬರೀ ತುಟಿಯ ಒಂದು ಚಲನೆ ಎಂದು ಯೋಚಿಸುವ ಗರಜು ಯಾರಿಗೂ ಬೀಳುವುದಿಲ್ಲ. ಚನ್ನೇಶನಿಗೆ ಬಿದ್ದಿತ್ತು.

ಅವನೂ ಅಬ್ದುಲರಜಾಕನೂ ರಾಣೆಬೆನ್ನೂರಿನ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಸಮಪಾಲಿನವರು, ಗಿಯರ್ ಬಾಕ್ಸಿನ ಕೆಲಸಕ್ಕೆ ಹೆಸರಾದವರು. ಆ ದಿನ ರಜಾಕ ತನ್ನದೇ ಹಳೆಯ ಕಾರು ಹತ್ತಿ ಬ್ಯಾಡಗಿಗೆ ಹೋಗಿ, ಉಸಿರು ಸಿಕ್ಕದೆ ಒದ್ದಾಡುತ್ತಿದ್ದ ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹಾವೇರಿಯ ದವಾಖಾನೆಯ ದಾರಿ ಹಿಡಿದಿದ್ದ. ಮೋಟೆಬೆನ್ನೂರು ದಾಟಿ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಎಣ್ಣೆ ಇಲ್ಲದ ಗಿಯರ್ ಬಾಕ್ಸು ಕಚ್ಚಿಕೊಂಡಿತು. ಹಿಂದಿನ ಗಾಲಿಗಳು ಹೆಪ್ಪುಗಟ್ಟಿದಂತೆ ನಿಂತವು. ಕಾರನ್ನು ಬದಿಗೆ ತಳ್ಳಲಿಕ್ಕೂ ಬರಲಿಲ್ಲ. ಕೈ ಮಾಡಿದರೆ ವಾಹನಗಳು ಹಾರ್ನ್ ಹೊಡೆದು ಸುತ್ತು ಹಾಕಿ ಹೋದವು. ಕೊನೆಗೆ ಟೊಮೆಟೊ ಹೇರಿದ್ದ ಟೆಂಪೊ ಒಂದು ನಿಂತಿತು. ಹಾವೇರಿಯ ಡಾಕ್ಟರು ನೋಡಿ, ದಾರಿಯಲ್ಲೇ ಹೋಗಿದೆ ಎಂದರು. ಯಾವ ದಾರಿಯಲ್ಲಿ, ಕಾರಿನಲ್ಲೋ ಟೆಂಪೊದಲ್ಲೋ, ರಜಾಕ ಕೇಳಲಿಲ್ಲ.

ಅದಾಗಿ ನಲವತ್ತು ದಿನ ಕಳೆದ ಮೇಲೆ ಒಂದು ಮುಂಜಾನೆ ಗಡ್ಡ ಮಾಡಿಕೊಳ್ಳುವಾಗ ಚನ್ನೇಶ ಕನ್ನಡಿಯಲ್ಲಿ ತನ್ನ ಬಾಯಿಯನ್ನು ನೋಡುತ್ತ ಎರಡನ್ನೂ ಮೆಲ್ಲಗೆ ಅಂದ. ನಿ ಅಂದರೆ ತುಟಿ ಪಕ್ಕಕ್ಕೆ ಜಗ್ಗಿ ಹಲ್ಲು ಕಾಣುತ್ತಿದ್ದವು. ನು ಅಂದರೆ ತುಟಿ ಮುಂದಕ್ಕೆ ಬರುತ್ತಿತ್ತು. ಆದರೆ ಆವತ್ತು ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡಿದ್ದೆನೇ? ಗಾಡಿಯ ಕೆಳಗೆ ಎರಡೂ ಕೈಗೆ ಕೆಲಸ ಇದ್ದಾಗ ಅವನು ಬ್ಯಾಟರಿಯನ್ನು ಹಲ್ಲಲ್ಲಿ ಹಿಡಿಯುವುದು ಇತ್ತು. ಬ್ರಶ್ಶಿನ ಹಿಡಿಕೆಯನ್ನು ಕಚ್ಚಿಕೊಂಡು ಮತ್ತೆ ಅಂದು ನೋಡಿದ. ಎರಡೂ ಒಂದೇ ತರಹ ಹೊರಬಂದವು, ನಿ ಅಲ್ಲ, ನು ಅಲ್ಲ, ಮೂಗಿನಲ್ಲಿ ಒಂದು ಗುಂಯ್. ಇದರಿಂದ ಸಮಾಧಾನ ಆಗಬೇಕೋ ಅಂಜಿಕೆ ಆಗಬೇಕೋ ತಿಳಿಯದೆ ನಿಂತಿದ್ದಾಗ ಹಿಂದಿನಿಂದ ಹೆಂಡತಿ ಗಂಗಾ, ಯಾರ ಜೋಡಿ ಮಾತಾಡಾಕತ್ತೀರಿ ಎಂದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಅವನು ಬಾಯಿ ಮುಕ್ಕಳಿಸಿದ. ಅವಳದು ಒಂದೇ ಮಾತಾಗಿತ್ತು. ತಳದ ಬೋಲ್ಟಿನ ವಾಷರು ಹೋಗಿ ಎಣ್ಣೆ ಸೋರಿತು ಎಂದು ರಜಾಕನೇ ಎಲ್ಲರಿಗೂ ಹೇಳಿದ್ದಾನೆ, ಅವನ ತಂಗಿ ನಂಬಿದ್ದಾಳೆ, ತಮ್ಮ ಜಾಕೀರನಂಥ ಸಿಟ್ಟಿನವನೂ ನಂಬಿ ಸುಮ್ಮನಾಗಿದ್ದಾನೆ.

"ಅವರ ಮಂದಿನs ಮುಚ್ಚಿದ್ದನ್ನ ನೀವ್ಯಾಕ ಕೆದರತೀರಿ?" ಎಂದು ಅವನ ಡಬ್ಬಿಗೆ ರೊಟ್ಟಿ ಮಡಚಿಟ್ಟಳು.

ಹಿಂದಿನ ದಿನ ಬ್ಯಾಡಗಿಯಲ್ಲಿ, ರಜಾಕನ ತಾಯಿ ತೀರಿದ ನಲವತ್ತನೆಯ ದಿನದ ಊಟ ಇತ್ತು. ಹೋಗದಿದ್ದರೆ ತಪ್ಪಾಗುತ್ತಿತ್ತು, ಹೋದರೆ ಕೂಡುವುದು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ರಜಾಕನ ತಂಗಿ ಬಿಸ್ಮಿಲ್ಲಾಬಿ ತಾನೇ ಕರೆದು ಜಮಖಾನದ ಮೇಲೆ ಕೂಡಿಸಿ ಬಡಿಸಿದಳು. ಬಡಿಸುತ್ತಲೇ ಹೆಬ್ಬೆರಳಿನ ಉಗುರಿನ ಮೇಲೆ ತೋರುಬೆರಳಿಟ್ಟು, ಇಷ್ಟs ಇರತೈತೆಂತಲ್ಲ ಅಣ್ಣಾ ಆ ಹಾಳ ವಾಯ್ಸರು, ಎಂದಳು. ಅವನು ಹೌದವಾ ಎಂದ. ಅನ್ನ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ನಾಲಗೆಗೆ ತಿಳಿದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಕೆ ಬಂತು. ಎರಡನೆಯ ಸಲ ಅವಳು ಸೌಟು ತಂದಾಗ ಬೇಡವೆಂದರೆ ಏನೋ ಒಂದು ಹೊರಬೀಳುತ್ತದೆ ಅನ್ನಿಸಿ ಕೈ ಅಡ್ಡ ಹಿಡಿಯದೆ ಹಾಕಿಸಿಕೊಂಡ, ಪೂರ್ತಿ ಉಂಡ. ಎದ್ದು ಕೈ ತೊಳೆಯುವಾಗ ತಿಳಿಯಿತು, ಈ ಮನೆಗೆ ಬಂದು ಇಷ್ಟು ಹೊತ್ತಾದರೂ ತಾನು ಸೀತಿಲ್ಲ. ರಜಾಕನ ತಾಯಿ ಕುಲ್ಸುಮಬಿ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹರೆಯದಿಂದ ಹೋದವಳು, ದಮ್ಮು ಹತ್ತಿ ಮಕ್ಕಳು ಬೈದು ಬಿಡಿಸಿದರೂ ಹೋದವಳು. ಅವಳ ಸೀರೆ, ಕೌದಿ, ಕೂದಲು, ಕೊಟ್ಟ ನೀರಿನ ತಂಬಿಗೆ, ಎಲ್ಲದಕ್ಕೂ ಖಾರದ ಪುಡಿ ಹತ್ತಿರುತ್ತಿತ್ತು. ಗ್ಯಾರೇಜು ಹಾಕಿದ ಹೊಸತರಲ್ಲಿ ಚನ್ನೇಶ ಆ ಮನೆಯಲ್ಲೇ ಎಷ್ಟೋ ದಿನ ಮಲಗುತ್ತಿದ್ದ. ಹೊಸ್ತಿಲಲ್ಲಿ ಕಾಲಿಟ್ಟರೆ ಸೀನು ಬರುತ್ತಿತ್ತು. ಒಳಗಿನ ಕತ್ತಲಿಂದ ಅವಳು ಮುಖ ನೋಡದೆಯೇ, ಚನ್ಯಾ ಬಂದ, ಎನ್ನುತ್ತಿದ್ದಳು. ಉಂಡೀಯೇನ ಬೇಟಾ, ಎನ್ನುತ್ತಿದ್ದಳು. ಯಾವಾಗ ಬಂದಿ, ಯಾಕ ಬಂದಿ, ಎಂದು ಒಂದು ದಿನವೂ ಕೇಳಿದವಳಲ್ಲ. ನಿನ್ನೆ ಆ ಮನೆಯನ್ನು ತೊಳೆದಿದ್ದರು. ಕೌದಿಗಳನ್ನು ಯಾರಿಗೋ ಕೊಟ್ಟಿದ್ದರು. ಅವನ ಮೂಗು ಸುಮ್ಮನೆ ಗಾಳಿ ಎಳೆದು ಬಿಡುತ್ತಿತ್ತು.

ಗ್ಯಾರೇಜಿಗೆ ಬಂದಾಗ ರಜಾಕ ಆಗಲೇ ಬಂದಿದ್ದ. ನಡುವೆ ಒಂದೆರಡು ವಾರ ಬರುತ್ತಿದ್ದನಾದರೂ ಕ್ಲಚ್ ಕೇಬಲ್ಲು, ಬ್ರೇಕು ಅಂತ ಸಣ್ಣಪುಟ್ಟದ್ದು ಮಾಡಿ ಹೋಗುತ್ತಿದ್ದ. ಹಿಂದಿನ ಗೋಡೆಗೆ ಹತ್ತಿಸಿ ನಿಲ್ಲಿಸಿದ್ದ ತನ್ನ ಕಾರಿನ ಕಡೆಗೆ ನೋಡುತ್ತಿರಲಿಲ್ಲ. ಕ್ರೇನಿನವರು ಜಗ್ಗಿಕೊಂಡು ಬಂದು ಬಿಟ್ಟುಹೋದ ದಿನವೇ ಚನ್ನೇಶ ಅದಕ್ಕೆ ತಾಡಪತ್ರಿ ಹೊಚ್ಚಿ ನಾಲ್ಕು ಕಡೆ ಇಟ್ಟಂಗಿ ಹೇರಿದ್ದ. ಗಾಳಿಗೆ ಹಾರದಿರಲಿ ಎಂದು, ಯಾರೂ ಎತ್ತಿ ನೋಡದಿರಲಿ ಎಂದು. ಇವತ್ತು ತಾಡಪತ್ರಿ ಮಡಚಿ ಮೂಲೆಗೆ ಹೋಗಿತ್ತು. ಕಾರಿನ ಮೈಮೇಲೆ ತೆಳ್ಳಗೆ ಧೂಳಿತ್ತು, ಹಿಂದಿನ ಸೀಟಿನಲ್ಲಿ ಒಂದು ದಿಂಬಿತ್ತು. ನಲವತ್ತು ಮುಗೀತು, ಇವತ್ತ ಬಿಚ್ಚೂಣು, ಎಂದ ರಜಾಕ. ಮಳೆ ಬಂದೀತು ಒಣಗಲು ಹಾಕಿದ್ದು ತೆಗೆಯೋಣ ಅನ್ನುವ ಹಾಗೆ ಅಂದ. ಚನ್ನೇಶ ಡಬ್ಬಿಯನ್ನು ಮೊಳೆಗೆ ತೂಗುಹಾಕಿದ. ಹೇಳುವುದಿದ್ದರೆ ಬಿಚ್ಚುವ ಮೊದಲೇ ಹೇಳಬೇಕು, ಬಿಚ್ಚಿದ ಮೇಲೆ ಹೇಳಿದ್ದು ಸಿಕ್ಕಿಬಿದ್ದವನ ಮಾತಾಗುತ್ತದೆ. ಬಸ್ ಸ್ಟ್ಯಾಂಡಿನಿಂದ ನಡೆದು ಬರುತ್ತ ಅವನು ಏನು ಹೇಳಬೇಕು ಅನ್ನುವುದನ್ನು ತೀರ್ಮಾನ ಮಾಡಿಕೊಂಡಿದ್ದ. ಹಾಕೇನಿ ಅಂದಿದ್ದೆ ಎಂದು ಹೇಳುವುದು. ಅಂದಿದ್ದನೋ ಇಲ್ಲವೋ, ಅಂದೆ ಎನ್ನುವುದು. ಆಗ ತಪ್ಪು ಪೂರಾ ತನ್ನ ಕಡೆ ಬರುತ್ತದೆ, ರಜಾಕ ಹೊಡೆದರೆ ಹೊಡೆಯಲಿ. ಇನ್ನೊಂದನ್ನು ಹೇಳಿದರೆ, ತಾಯಿಯನ್ನು ಕೊಂದದ್ದು ಮಗನ ಕಿವಿ ಎಂದಾಗುತ್ತದೆ. ಅದನ್ನು ಅವನ ಮುಖದ ಮುಂದೆ ಹೇಳುವ ಮನುಷ್ಯ ತಾನಲ್ಲ ಎಂದು ಚನ್ನೇಶ ಅಂದುಕೊಂಡಿದ್ದ, ಹಾಗೆ ಅಂದುಕೊಂಡಾಗ ಎದೆ ತುಸು ಹಗುರಾಗಿತ್ತು ಕೂಡ.

ಮೊದಲು ಕಾರನ್ನು ಎತ್ತಬೇಕಿತ್ತು. ಗಾಡಿಯನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡುಗಳು ಅವರಲ್ಲಿ ಒಂದು ಗಾಡಿಗೆ ಸಾಲುವಷ್ಟೇ ಇದ್ದವು, ನಾಲ್ಕು. ಬೇಕಾದಷ್ಟಾದವು ಎಂದು ಇನ್ನೊಂದು ಜೊತೆ ಮಾಡಿಸಿರಲಿಲ್ಲ. ಅಂಗಡಿಯ ಕೆಲಸ ಆ ನಾಲ್ಕರ ಮೇಲೆಯೇ ನಡೆಯುತ್ತಿತ್ತು. ಸ್ಟ್ಯಾಂಡಿನ ಮೇಲಿರುವ ಗಾಡಿಯದು ಕೆಲಸ ಬಾಕಿ, ನೆಲಕ್ಕೆ ಬಂದ ಗಾಡಿಯದು ಮುಗಿದ ಲೆಕ್ಕ. ಗಿರಾಕಿಗಳು ಫೋನು ಮಾಡಿ ಕೇಳಿದರೆ ಇಬ್ಬರೂ ಅನ್ನುತ್ತಿದ್ದುದು ಒಂದೇ, ಇನ್ನ ನೆಲಕ್ಕ ಬಂದಿಲ್ಲರಿ. ರಜಾಕ ಜಾಕು ಒತ್ತಿದ, ಚನ್ನೇಶ ಮೊಣಕಾಲೂರಿ ಒಂದೊಂದಾಗಿ ಸ್ಟ್ಯಾಂಡು ಸರಿಸಿದ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಜಾಕಿನ ಕಿರಿಕಿರಿ ಸಪ್ಪಳದಲ್ಲಿ ಬೇಡ, ನಿಂತ ಮೇಲೆ ಹೇಳೋಣ ಅಂದುಕೊಂಡ. ಸಪ್ಪಳ ನಿಂತಿತು. ರಜಾಕ ರಟ್ಟು ಎಳೆದುಕೊಂಡು ಕೆಳಗೆ ಸರಿದುಬಿಟ್ಟ.

ಕೆಳಗೆ ಅವನು ಬ್ಯಾಟರಿ ಆಡಿಸುವುದು ಬೆಳಕಿನಿಂದ ಗೊತ್ತಾಗುತ್ತಿತ್ತು. ಚನ್ನೇಶ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಾದ. ಆವತ್ತು ಕೂಡ ಎಲ್ಲ ಸರಿಯಾಗಿಯೇ ನಡೆದಿತ್ತು. ಇದೇ ಕಾರಿನ ಗಿಯರ್ ಬಾಕ್ಸಿಗೆ ಹೊಸ ಬೇರಿಂಗು ಕೂಡಿಸಿ, ಬಾಕ್ಸು ಮೇಲೇರಿಸಿ, ಬೋಲ್ಟು ಬಿಗಿದು, ಎಣ್ಣೆ ಹಾಕುವುದೊಂದು ಉಳಿದಾಗ ಅಜಾನ ಆಯಿತು. ರಜಾಕ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಎಣ್ಣಿ ಒಂದ ಹಾಕಿಬಿಡ ದೋಸ್ತ ಎಂದು ಜುಮ್ಮಾ ನಮಾಜಿಗೆ ಹೋದ. ಹೊಸ ಎಣ್ಣೆಯ ಡಬ್ಬಿ ಬೆಂಚಿನ ಮೇಲೆ ಇತ್ತು. ಮುಚ್ಚಳ ತಿರುವುವ ಮೊದಲೇ ಬೀಜದ ಕಂಪನಿಯ ವಿಕಾಸ ಬಂದ. ಗುತ್ತಲದಲ್ಲಿ ರೈತರ ಸಭೆ ಇದೆ, ಕ್ಲಚ್ಚು ಜಾರುತ್ತಿದೆ, ಈಗಿಂದೀಗ ಆಗಬೇಕು. ಚನ್ನೇಶ ಅರ್ಧ ತಾಸು ಕೂತಿರ್ರಿ ಎಂದ. ವಿಕಾಸ ಕೀಲಿಯ ಗೊಂಚಲನ್ನು ಬೆರಳಿಗೆ ಸುತ್ತಿ ಬಿಡಿಸುತ್ತ ಒಳಗೆಲ್ಲ ನೋಡಿ, ಕೆಟ್ಟ ಮನಸ್ಸಿನಿಂದಲ್ಲ, ನಗುತ್ತಲೇ ಅಂದ: "ರಜಾಕ ಇಲ್ಲಂದ್ರ ನಿಮ್ಮ ಕೈಯಾಗ ಆಗೂದಲ್ಲ ಬಿಡ್ರಿ ಇದು." ಇದನ್ನು ಚನ್ನೇಶ ಹತ್ತಾರು ಬಾಯಲ್ಲಿ ಕೇಳಿದ್ದ. ಗಿಯರಿನ ಕೆಲಸ ರಜಾಕನದು, ಚನ್ನೇಶ ಪಾನಾ ಹಿಡಿಯುವವನು ಎಂದು ಊರು ಒಂದು ತೀರ್ಪು ಕೊಟ್ಟಾಗಿತ್ತು. ಬಾಕ್ಸು ಬಿಚ್ಚುವುದು ಕೂಡಿಸುವುದು ಇಬ್ಬರೂ ಕೂಡಿ ಕಲಿತದ್ದು, ಮೊದಮೊದಲು ತಾನೇ ಒಂದು ಕೈ ಮುಂದಿದ್ದದ್ದು, ಇದನ್ನು ಯಾರಿಗೆ ಅಂತ ಹೇಳುವುದು. ಅವನು ವಿಕಾಸನ ಕೈಯಿಂದ ಕೀಲಿ ಇಸಿದುಕೊಂಡ. ಸ್ಟ್ಯಾಂಡುಗಳನ್ನು ಇತ್ತ ತಂದು ಆ ಕಾರನ್ನು ಎತ್ತಿ ಕೆಳಗೆ ಮಲಗಿದ. ಆಮೇಲೆ ಬಿಳಿ ಪಾಯಜಾಮದ ಅಂಚು ಬಂತು, ಕೂಗು ಬಂತು, ಉತ್ತರ ಹೋಯಿತು. ಒಂದು ಕಾರು ಸುರುವಾದ ಸಪ್ಪಳ ಕೇಳಿಸಿತು. ನೆರಳಿಗೆ ಹಚ್ಚುತ್ತಿದ್ದಾನೆ ಅಂದುಕೊಂಡ. ಕೆಲಸ ಮುಗಿಸಿ ಹೊರಗೆ ಸರಿದು ಎದ್ದು ನಿಂತಾಗ ಗೇಟಿನ ಹತ್ತಿರ ಕಾರು ಇರಲಿಲ್ಲ, ಬೆಂಚಿನ ಮೇಲೆ ಡಬ್ಬಿ ಇತ್ತು. ಫೋನು ಮಾಡಿದ. ಆಗಿಂದಾಗಲೇ ಮಾಡಿದ, ಇದರಲ್ಲಿ ಅವನಿಗೆ ಸಂಶಯ ಇಲ್ಲ. ನಮಾಜಿಗೆಂದು ಸಪ್ಪಳ ತೆಗೆದಿಟ್ಟ ಫೋನು ರಜಾಕನ ಕಿಸೆಯಲ್ಲಿ ಸುಮ್ಮನೆ ಮಿನುಗಿರಬೇಕು. ಮತ್ತೊಮ್ಮೆ ಮಾಡುವಷ್ಟರಲ್ಲಿ ವಿಕಾಸ, ಎಷ್ಟಾತರಿ ಎಂದು ಬಂದ. ಕ್ಲಚ್ಚು ಒತ್ತಿ ನೋಡಿ, ಭೇಷ್ ಆತು ಎಂದ. ಆ ಮಾತಿಗೆ ಚನ್ನೇಶನಿಗೆ ಒಳಗೊಳಗೆ ಖುಷಿಯಾಗಿತ್ತು. ಆ ಖುಷಿಯೂ ಅವನಿಗೆ ಚೆನ್ನಾಗಿ ನೆನಪಿತ್ತು.

"ಹದಿನೇಳರ ಪಾನಾ," ಎಂದು ಕೆಳಗಿನಿಂದ ಕೈ ಬಂತು. ಚನ್ನೇಶ ಕೊಟ್ಟ. ತಳದ ಬೋಲ್ಟು ಬಿಚ್ಚುವ ಹೊತ್ತಿಗೆ ಕೆಳಗೆ ಎಣ್ಣೆ ಹಿಡಿಯುವ ತಗಡಿನ ಬುಟ್ಟಿ ಇಡುವುದು ರೂಢಿ. ಅವನ ಕೈ ತಾನಾಗಿ ಬುಟ್ಟಿಯನ್ನು ಕೆಳಗೆ ಸರಿಸಿತು. ಬೋಲ್ಟು ಬಿಗಿಯಾಗಿತ್ತು. ರಜಾಕ ಎರಡು ಸಲ ಉಸಿರು ಕಟ್ಟಿ ಒತ್ತಿದ್ದು ಕೇಳಿಸಿತು. ಆಮೇಲೆ ಬೋಲ್ಟು ತಿರುಗಿತು, ಕೈಗೆ ಬಂತು. ಬುಟ್ಟಿಗೆ ಏನೂ ಬೀಳಲಿಲ್ಲ. ಇಬ್ಬರೂ ಏನಾದರೂ ಬಿದ್ದೀತೆಂದು ಕಾದರು. ರಜಾಕ ಹೊರಗೆ ಬಂದು ಬೋಲ್ಟನ್ನು ಬೆಳಕಿಗೆ ಹಿಡಿದ. ಅದರ ಕೊರಳಲ್ಲಿ ತಾಮ್ರದ ವಾಷರು ಹೊಸದಾಗಿ ಹಾಕಿದ ಹಾಗೆಯೇ ಕೂತಿತ್ತು. ಸೋರಿದ ಬಾಕ್ಸಿನ ತಳಕ್ಕೆ ಎಣ್ಣೆ ಹರಿದು, ಅದಕ್ಕೆ ಧೂಳು ಮೆತ್ತಿ, ಕರ್ರಗೆ ಹೆಪ್ಪು ಕಟ್ಟಿರುತ್ತದೆ. ಇದರ ತಳ ಒರೆಸಿಟ್ಟ ಹಾಗೆ ಒಣಗಿತ್ತು. ರಜಾಕ ಬೋಲ್ಟನ್ನು ಅಂಗೈಯಲ್ಲಿ ಹೊರಳಿಸಿ, ವಾಯ್ಸರ ಹರಿದಿರಲಿ ಅಂತ ನಾನೂ ಅನಕೊಂಡಿದ್ದೆ, ಎಂದ. ಬಿಸ್ಮಿಲ್ಲಾಬಿಗೆ ಹೇಳಿದ್ದು ಸುಳ್ಳಲ್ಲ, ತಾನು ಹಾಗೇ ಇರಬೇಕೆಂದು ಹೇಳಿದ್ದು, ದಿನಾ ಹೇಳುತ್ತ ಹೇಳುತ್ತ ಹಾಗೇ ಆಗಿರಬಹುದು ಅನ್ನಿಸಿತ್ತು ಎಂದ. ಬಾಕ್ಸು ಇಳಿಸಿದರು, ಮುಚ್ಚಳ ಬಿಚ್ಚಿದರು. ಒಳಗೆ ಸುಟ್ಟ ಕಬ್ಬಿಣದ ನಾತ ಇತ್ತು. ಬೇರಿಂಗಿನ ಗುಂಡುಗಳು ನೀಲಿಗಟ್ಟಿ ಒಡೆದಿದ್ದವು. ಮೂರನೆಯ ಗಿಯರು ಶಾಫ್ಟಿಗೆ ಬೆಸುಗೆ ಹಾಕಿದಂತೆ ಅಂಟಿತ್ತು. ರಜಾಕ ಅದನ್ನು ಉಗುರಿನಿಂದ ಕೆರೆದ. ಬ್ಯಾಡಗಿಗೆ ಹೋಗುವಾಗಲೇ ಒಳಗೆ ಊಳಿಡುವ ಸಪ್ಪಳ ಇತ್ತು ಎಂದ. ಹೊಸಾ ಬೇರಿಂಗು, ಹೊಂದಿಕೊಳ್ಳುತ್ತವೆ ಎಂದು ತಿಳಿದನಂತೆ. ಅಮ್ಮೀ ಕೂಡ ಹಿಂದಿನಿಂದ ಏನದು ಸಪ್ಪಳ ಎಂದಳಂತೆ.

ಈಗ ಹೇಳದಿದ್ದರೆ ಇನ್ನು ಇಲ್ಲ. ಚನ್ನೇಶ ಕೈಯಲ್ಲಿದ್ದ ಅರಿವೆಯನ್ನು ಕೆಳಗಿಟ್ಟ. ಬಸ್ ಸ್ಟ್ಯಾಂಡಿನಿಂದ ಬರುತ್ತ ಸಿದ್ಧ ಮಾಡಿಕೊಂಡ ಮಾತು ಬಾಯಲ್ಲಿಯೇ ಇತ್ತು. ಹಲ್ಲು ಕಾಣುವಂತೆ ತುಟಿ ಪಕ್ಕಕ್ಕೆ ಎಳೆಯಬೇಕು, ಅಷ್ಟೇ. ರಜಾಕ ತಲೆ ಎತ್ತಿ ನೋಡಿದ. ಆ ಮುಖ ನೋಡಿದ್ದೇ ತಡ ಚನ್ನೇಶನ ಒಳಗೆ ಇನ್ನಾರೋ ಮುಂದೆ ನುಗ್ಗಿ ಮಾತಾಡಿಬಿಟ್ಟರು.

"ಅವತ್ತ ನಾ ಹಾಕೇನು ಅಂದಿದ್ದೆ, ರಜಾಕ. ಹಾಕೇನಿ ಅಂದಿದ್ದಿಲ್ಲ. ನೀ ತಪ್ಪ ಕೇಳಿಸ್ಕೊಂಡಿ."

ತನ್ನ ದನಿ ತನಗೇ ಕೇಳಿಸಿತು. ವಕೀಲರ ಮುಂದೆ ಹೇಳುವ ಹಾಗೆ ಇತ್ತು. ಬಾಯಿಂದ ಹೊರಬಿದ್ದ ಗಳಿಗೆಯೇ ಅದು ಖರೇ ಇರಬಹುದು ಎಂದೂ ಅನ್ನಿಸಿತು, ಖರೇ ಇದ್ದರೂ ಹೊಲಸು ಎಂದೂ ಅನ್ನಿಸಿತು. ರಜಾಕ ಹುಬ್ಬು ಗಂಟಿಕ್ಕಿದ. ಸಿಟ್ಟಲ್ಲ, ಅವನಿಗೆ ಅರ್ಥವೇ ಆಗಿರಲಿಲ್ಲ. ಯಾವಾಗ ಎಂದು ಕೇಳಿದ. ಚನ್ನೇಶ ಗೇಟಿನ ಕಡೆ ಕೈ ಮಾಡಿ, ನೀನು ಅಲ್ಲಿ ನಿಂತು ಕೇಳಿದಾಗ, ನಾನು ಕೆಳಗಿದ್ದಾಗ, ಎಂದು ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಎರಡೂ ಅಕ್ಷರಗಳನ್ನು ಬೇರೆ ಬೇರೆಯಾಗಿ ಅಂದು ತೋರಿಸಿದ, ಶಾಲೆಯ ಹುಡುಗರಿಗೆ ತೋರಿಸುವಂತೆ. ರಜಾಕ ಅವನ ತುಟಿಗಳನ್ನೇ ನೋಡುತ್ತಿದ್ದ.

"ನೀ ಏನಂದ್ಯೋ ನನಗ ಕೇಳಿಸೇ ಇಲ್ಲ," ಎಂದ ರಜಾಕ. "ಬಾಜೂಕ ಕಾಂಪ್ರೆಸರ್ ಹೊಡೀತಿತ್ತು. ಗಾಡಿ ನೆಲದ ಮ್ಯಾಲ ಇತ್ತು. ಕುಂತೆ, ಹ್ವಾದೆ."

ಚನ್ನೇಶ ಗೇಟಿನ ಕಡೆಗೆ ನೋಡಿದ. ಅಲ್ಲಿ ಈಗ ಏನೂ ಇರಲಿಲ್ಲ, ಎಣ್ಣೆ ಕುಡಿದ ಕರಿ ಮಣ್ಣು ಇತ್ತು. ನಲವತ್ತು ದಿನ ಅವನು ಆ ಮಧ್ಯಾಹ್ನವನ್ನು ಬೆಳಗೂ ಬೈಗೂ ನೋಡಿದ್ದ, ರಟ್ಟು, ಬೆವರು, ಪಾಯಜಾಮದ ಅಂಚು, ಚಪ್ಪಲಿ, ತನ್ನ ಬಾಯಿ. ರಜಾಕನ ಕಾರಿನ ಕೆಳಗೆ ಜಾಕು ಕೊಟ್ಟು, ಎತ್ತಿ, ನಾಲ್ಕು ಸ್ಟ್ಯಾಂಡುಗಳನ್ನು ಎಳೆದುಕೊಂಡು, ಕಾರನ್ನು ನೆಲಕ್ಕೆ ಬಿಟ್ಟದ್ದು ಮಾತ್ರ ಅದರಲ್ಲಿ ಒಮ್ಮೆಯೂ ಇರಲಿಲ್ಲ. ಮರೆತಿದ್ದನೆಂದೂ ಅಲ್ಲ. ಅದು ಕೆಲಸ, ದಿನಾ ಮಾಡುವ ಕೆಲಸ, ನೋಡುವಂಥದ್ದು ಅಂತ ಅನ್ನಿಸಿರಲಿಲ್ಲ. ಕಾರು ಕೆಳಗಿಳಿಯುವಾಗ ಗಾಲಿ ನೆಲಕ್ಕೆ ತಾಗಿ ಮೈ ತುಸು ತೂಗಿದ್ದು ಈಗ ಕಣ್ಣಿಗೆ ಕಟ್ಟಿತು. ಅಷ್ಟೂ ವರ್ಷ ಅವರ ಅಂಗಡಿಯಲ್ಲಿ ಆ ತೂಗಾಟ ಕಂಡ ಮೇಲೆ ಯಾರೂ ಯಾರನ್ನೂ ಏನೂ ಕೇಳಿದ್ದಿಲ್ಲ. ಆ ದಿನ ರಜಾಕ ಕೇಳಿದ್ದೂ ಉತ್ತರಕ್ಕಾಗಿ ಅಲ್ಲ. ಮನೆಗೆ ಹೋಗುವಾಗ 'ಬರ್ತೇನಿ' ಅನ್ನುತ್ತೇವಲ್ಲ, ಹಾಗೆ.

"ಯಾಕ ಇಳಿಸಿದ್ದಿ?" ರಜಾಕ ಕೇಳಿದ. ದನಿ ಏರಿರಲಿಲ್ಲ.

"ಸ್ಟ್ಯಾಂಡ್ ಬೇಕಾಗಿದ್ವು."

"ಯಾತಕ್ಕ?"

"ವಿಕಾಸಂದು ಕ್ಲಚ್ಚು."

ಕ್ಲಚ್ಚಿಗೆ ನಾಲ್ಕೂ ಸ್ಟ್ಯಾಂಡು ಬೇಕಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಎರಡು ಗಾಲಿಗೆ ಇಟ್ಟಂಗಿ ಕೊಟ್ಟು ಎತ್ತಿದ್ದರೂ ಆಗುತ್ತಿತ್ತು. ರಜಾಕ ಬರುವ ತನಕ ವಿಕಾಸನನ್ನು ಕುರ್ಚಿಯಲ್ಲಿ ಕೂಡಿಸಿದ್ದರೂ ಆಗುತ್ತಿತ್ತು. ರಜಾಕ ಬೈದಿದ್ದರೆ, ಕೈಯಲ್ಲಿದ್ದ ಬೋಲ್ಟನ್ನು ಎಸೆದಿದ್ದರೆ ಚನ್ನೇಶನಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ರಜಾಕ ಕುಕ್ಕರಗಾಲಲ್ಲಿ ಕೂತು ಸೀಮೆಎಣ್ಣೆಯ ಬುಟ್ಟಿಯಲ್ಲಿ ಒಂದೊಂದು ಭಾಗ ಅದ್ದಿ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ, ಯಾವ ಗಾಡಿಗಾದರೂ ಇಡುವ ಹಾಗೆಯೇ, ಉಳಿದದ್ದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ತಪ್ಪ ಕೇಳಿಸ್ಕೊಂಡಿ ಅಂದಿಯಲ್ಲ, ಎಂದು ನಡುವೆ ಒಮ್ಮೆ ಅಂದ. ಚನ್ನೇಶ ಏನೋ ಹೇಳಹೋದ. ಇರಲಿ, ಎಂದ ರಜಾಕ. ಎಲ್ಲ ಇಟ್ಟಾದ ಮೇಲೆ ಎದ್ದು ನಲ್ಲಿಯ ಕೆಳಗೆ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದ. ಅಂಗಿ ಬದಲಿಸಿದ. ಕಾರಿನ ಹಿಂದಿನ ಬಾಗಿಲು ತೆಗೆದು ದಿಂಬನ್ನು ತೆಗೆದುಕೊಂಡು ಬಗಲಲ್ಲಿ ಇಟ್ಟುಕೊಂಡ.

"ಜಾಕೀರಗ ವಾಯ್ಸರ ಹೋಗಿತ್ತು ಅಂತs ಹೇಳತೇನಿ," ಎಂದ. "ನೀ ಬ್ಯಾಡಗಿ ಕಡೆ ಬರಬ್ಯಾಡ."

ರಸ್ತೆ ದಾಟಿ ನಿಂತ. ಬಸ್ಸು ಬಂತು, ಹತ್ತಿದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಆಮೇಲೆ ಯಾರೋ ಗಿರಾಕಿ, ರಜಾಕ ಬ್ಯಾಡಗಿಯಲ್ಲೇ ಯಾರದೋ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಎಂದು ಹೇಳಿದ. ಆ ದಿನ ಬಸ್ಸು ಹೋದ ಮೇಲೆ ಚನ್ನೇಶ ಗೋಣಿಚೀಲದ ಮುಂದೆ ಕೂತು ಎಡಗಡೆಯ ಸಾಲನ್ನು ಎಣಿಸಿದ. ಮಾಡಲು ಬೇರೆ ಕೆಲಸ ಇರಲಿಲ್ಲ. ಕೆಟ್ಟದ್ದು ಬೇರಿಂಗು ನಾಲ್ಕು, ಗಿಯರು ಮೂರು, ಶಾಫ್ಟು ಒಂದು. ಸತ್ತವರು ಒಬ್ಬರು. ಬಿಟ್ಟುಹೋದವನು ಒಬ್ಬ.